ಲೆಕ್ಕದ ಮಿಸ್ಸಿನ ಮಹಡಿ ಮೇಲೆ ಗಣಿ

ಹೆದರುವವರ ಮೇಲೇ ಹಾವು ಎಸೆಯುತ್ತಾರೆ ಅನ್ನುವ ಗಾದೆಯನ್ನು ಯಾರು ಕಟ್ಟಿದರೋ, ನನ್ನನ್ನು ನೋಡಿಯೇ ಕಟ್ಟಿರಬೇಕು. ನನಗೆ ಮುಖ್ಯವಾಗಿ ಮೂರು ಭಯ: ಕರೆಂಟು, ಪೊಲೀಸು, ಕೋರ್ಟು. ನಮ್ಮ ಮನೆಯಲ್ಲಿ ಬಲ್ಬು ಬದಲಾಯಿಸುವವಳು ನನ್ನ ಹೆಂಡತಿ. ನಾನು ಕೆಳಗೆ ಸ್ಟೂಲು ಹಿಡಿದುಕೊಂಡಿರುತ್ತೇನೆ, ಅದೂ ರಬ್ಬರ್ ಚಪ್ಪಲಿ ಹಾಕಿಕೊಂಡು. ಇಂಥವನ ಜೆರಾಕ್ಸ್ ಅಂಗಡಿ, ಅಷ್ಟು ದೊಡ್ಡ ದೇವರಾಜ ಮೊಹಲ್ಲಾದಲ್ಲಿ, ಕರೆಂಟ್ ಕಳ್ಳತನ ಹಿಡಿಯುವ ಪೊಲೀಸರ ಕಚೇರಿಯ ಎದುರಿಗೇ ಇದೆ.

ಆ ಕಚೇರಿಯವರು ದಾಳಿಗೆ ಹೊರಟಾಗಲೆಲ್ಲ ಇಬ್ಬರು ಪಂಚರು ಬೇಕು. ಪಂಚರು ಅಂದರೆ, ಪೊಲೀಸರು ಅಲ್ಲಿ ಏನೇನು ಕಂಡರೋ ಅದನ್ನು ನಾವೂ ಕಣ್ಣಾರೆ ಕಂಡೆವು ಅಂತ ರುಜು ಹಾಕುವ ಹೊರಗಿನ ಜನ. ಹೊರಗಿನವರು ಅಂದರೆ ಅವರಿಗೆ ಎದುರುಗಡೆಯವರು. ಹಾಗಾಗಿ ಇಂಥವೆಲ್ಲ ನನಗೆ ಆಗುತ್ತಲೇ ಇರುತ್ತವೆ. ಅದರಲ್ಲಿ ಒಂದೇ ಒಂದು ಕೇಸಿನ ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ. ತುಂಡು ತುಂಡಾಗಿಯೇ ಹೇಳುತ್ತೇನೆ. ಎಲ್ಲ ಒಟ್ಟಿಗೆ ನೆನೆಸಿಕೊಳ್ಳುವ ಧೈರ್ಯ ನನಗಿಲ್ಲ.

ಯಾವ ಬೆಟ್ಟ?

ಆಷಾಢದ ಒಂದು ಬೆಳಗ್ಗೆ. ಜಿನುಗು ಮಳೆ. ಅಂಗಡಿ ಬಾಗಿಲು ತೆಗೆದು ಮಷೀನಿಗೆ ಊದಿನಕಡ್ಡಿ ತೋರಿಸುತ್ತಿದ್ದೆ. ಎದುರು ಕಚೇರಿಯ ಪೇದೆ ಬಂದು ನಿಂತ.

"ಸಾಹೇಬ್ರು ಕರೀತಾವ್ರೆ, ಬನ್ನಿ."

ಕಡ್ಡಿ ಕೈಯಿಂದ ಜಾರಿತು. "ಯಾಕಪ್ಪಾ? ನಾನೇನು ಮಾಡ್ದೆ?"

"ನೀವೇನೂ ಮಾಡಿಲ್ಲ ಕಣ್ರೀ, ಅದ್ಕೇ ಕರೀತಿರೋದು. ಏನೂ ಮಾಡ್ದೇ ಇರೋರೇ ಬೇಕು ಪಂಚರಾಗಕ್ಕೆ. ಎದರ್ಕೋಬ್ಯಾಡಿ, ಬನ್ನಿ."

ಪಕ್ಕದ ಕಾಫಿಪುಡಿ ಅಂಗಡಿಯವರು ಎರಡನೇ ಪಂಚರು. ಅವರು ಆಗಲೇ ಜೀಪಿನ ಹತ್ತಿರ ನಿಂತು, ಮದುವೆಗೆ ಹೊರಟವರ ಹಾಗೆ ತಲೆ ಬಾಚಿಕೊಳ್ಳುತ್ತಿದ್ದರು. ಅವರಿಗೆ ಯಾವ ಭಯವೂ ಇಲ್ಲ. ಯಾಕೆಂದರೆ ಅವರು ಯಾವುದನ್ನೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

ವಿದ್ಯುತ್ ಕಂಪನಿಯಿಂದ ಒಬ್ಬ ಲೈನ್‌ಮನ್ ಜೊತೆ ಒಬ್ಬರು ಇಂಜಿನಿಯರ್ ಮೇಡಂ ಬಂದಿದ್ದರು. ಅವರೇ ನಮಗೆ ವಿಷಯ ಬಿಡಿಸಿ ಹೇಳಿದರು. "ಕ್ರಿಪ್ಟೋ ಅಂತ ಕಂಪ್ಯೂಟರಿನೊಳಗಿನ ದುಡ್ಡು ಕಣ್ರೀ, ಕೈಗೆ ಸಿಗಲ್ಲ. ದೊಡ್ಡ ದೊಡ್ಡ ಲೆಕ್ಕ ಬಿಡಿಸೋ ಮಷೀನುಗಳನ್ನ ಇಟ್ಕೊಂಡು ಅದನ್ನ ಸಂಪಾದಿಸ್ತಾರೆ. ಅದಕ್ಕೆ ಗಣಿಗಾರಿಕೆ ಅಂತ ಹೆಸರು. ಮಷೀನು ಇಟ್ಕೊಳ್ಳೋದು ತಪ್ಪಲ್ಲ. ಆದ್ರೆ ಅವು ವಿಪರೀತ ಕರೆಂಟ್ ಕುಡೀತವೆ. ರಾಮಕೃಷ್ಣನಗರದ ಒಂದು ಬೀದೀಲಿ ಒಂದೇ ತಿಂಗಳಲ್ಲಿ ಎರಡು ಸಲ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿದೆ. ಬಿಲ್ಲು ಮಾತ್ರ ಯಾರ ಮನೇದೂ ಜಾಸ್ತಿ ಬಂದಿಲ್ಲ. ಅಂದ್ರೆ ಯಾರೋ ಮೀಟರಿಗೆ ಗೊತ್ತಾಗದ ಹಾಗೆ ಎಳೀತಿದಾರೆ. ಒಂದು ಮನೆ ಮಹಡಿಯಿಂದ ಹಗಲೂ ರಾತ್ರಿ ಮಷೀನಿನ ಸದ್ದು ಬರುತ್ತೆ ಅಂತ ಅಕ್ಕಪಕ್ಕದವರು ಕಂಪ್ಲೇಂಟ್ ಕೊಟ್ಟಿದಾರೆ."

ಹೊರಡುವ ಮುಂಚೆ ಹೆಂಡತಿಗೆ ಫೋನು ಮಾಡಿದೆ. ಇಂಥ ಹೊತ್ತಿನಲ್ಲಿ ಅವಳಿಗೊಂದು ಮಾತು ಹೇಳದೆ ಹೋಗುವುದು ನನಗೆ ಸರಿಕಾಣುವುದಿಲ್ಲ.

"ನೋಡೇ, ಪೊಲೀಸರ ಜೊತೆ ಹೋಗ್ತಿದೀನಿ. ರಾಮಕೃಷ್ಣನಗರದಲ್ಲಿ ಯಾರೋ ಕದ್ದುಮುಚ್ಚಿ ಗಣಿಗಾರಿಕೆ ಮಾಡ್ತಿದಾರಂತೆ."

"ರಾಮಕೃಷ್ಣನಗರದಲ್ಲಾ? ಅಲ್ಲಿ ಯಾವ ಬೆಟ್ಟ ಅಗೀತಾರೆ?"

"ಬೆಟ್ಟ ಅಲ್ವೇ. ಯಾರದೋ ಮನೆ ಮಹಡಿ ಮೇಲೆ."

ಅವಳು ಬಹಳ ಮೆತ್ತಗೆ ಕೇಳಿದಳು: "ರೀ, ಬೆಳಗ್ಗೆ ಬಿಪಿ ಮಾತ್ರೆ ತಗೊಂಡ್ರಾ?"

ಆಯುಧ

ಜೀಪು ಒಂದು ಮನೆಯ ಮುಂದೆ ನಿಂತಿತು. ಕೆಳಗೆ ಓನರ್ ಮನೆ, ಮೇಲೆ ಬಾಡಿಗೆ ಮನೆ. ವರಾಂಡದಲ್ಲಿ ವಯಸ್ಸಾದ ಹೆಂಗಸೊಬ್ಬರು ನೆಟ್ಟಗೆ ಕೂತು ಪೇಪರ್ ಓದುತ್ತಿದ್ದರು. ಬಿಳಿ ತಲೆ, ಗಂಜಿ ಹಾಕಿದ ಕಾಟನ್ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ.

ನನಗೀಗ ಐವತ್ತೆರಡು ವರ್ಷ. ಅವರನ್ನು ಕಂಡ ಕೂಡಲೇ ಹನ್ನೆರಡಾಯಿತು.

ಅವರು ನಮ್ಮ ಲೆಕ್ಕದ ಮಿಸ್ಸು. ಅಗ್ರಹಾರದ ಸ್ಕೂಲಿನಲ್ಲಿ ನನಗೆ ಏಳನೇ ಕ್ಲಾಸಿಗೆ ಗಣಿತ ಹೇಳಿಕೊಟ್ಟವರು. ಅವರು ಕಾರಿಡಾರಿನಲ್ಲಿ ಬರುತ್ತಿದ್ದಾರೆ ಅಂದರೆ ಪಕ್ಕದ ಕ್ಲಾಸಿನ ಕನ್ನಡ ಮೇಷ್ಟ್ರೂ ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದರು.

ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ಇನ್‌ಸ್ಪೆಕ್ಟರ್ ಹಿಂದಕ್ಕೆ ಬಂದರು.

"ಯಾಕ್ರೀ, ಇಳೀರಿ."

"ಸಾರ್, ನಾನು ಜೀಪಲ್ಲೇ ಕೂತು ಸಾಕ್ಷಿಯಾಗ್ತೀನಿ ಸಾರ್."

"ಯಾಕೆ? ಆ ಹೆಂಗಸು ನಿಮಗೆ ಗೊತ್ತಾ?"

"ಗೊತ್ತು ಸಾರ್."

ನನ್ನ ಮುಖ ನೋಡಿ ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು. "ಅಪಾಯದ ಮನುಷ್ಯರಾ?"

"ತುಂಬಾ ಸಾರ್."

ಪೇದೆಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅವನು ಲಾಠಿ ಬಿಗಿ ಹಿಡಿದ. "ಆಯುಧ ಇಟ್ಕೊಂಡಿರ್ತಾರಾ?"

"ಮುಂಚೆ ಇಟ್ಕೊಂಡಿದ್ರು ಸಾರ್. ಒಂದಡಿ ಉದ್ದದ್ದು."

"ಮಚ್ಚಾ?"

"ಮರದ ಸ್ಕೇಲು ಸಾರ್. ಏಳನೇ ಕ್ಲಾಸಲ್ಲಿ ನನಗೆ ಲೆಕ್ಕ ಹೇಳ್ಕೊಟ್ಟಿದ್ದು ಅವರೇ."

ಇನ್‌ಸ್ಪೆಕ್ಟರ್ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಟೋಪಿ ಸರಿ ಮಾಡಿಕೊಂಡು, "ಹಂಗಾದ್ರೆ ನೀವೇ ಮುಂದೆ ನಡೀರಿ" ಅಂದರು. ಆಮೇಲೆ ಗೊತ್ತಾಯಿತು, ಅವರೂ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವರಂತೆ.

ಹನಿ ಬೀಳದ ಪೈಪು

"ಯಾರೋ ಅದು, ಎಲ್ಲರ ಹಿಂದೆ ಬಗ್ಗಿಕೊಂಡಿರೋದು? ಮುಂದೆ ಬಾ" ಅಂದರು ಮಿಸ್ಸು. ಹೋದೆ. ಕೈ ತಾನಾಗಿಯೇ ಕಟ್ಟಿಕೊಂಡಿತು. ಗುರುತು ಹಿಡಿದರು. "ನೀನಾ? ಭಿನ್ನರಾಶಿ ಬರದವನು." ನಲವತ್ತು ವರ್ಷಕ್ಕೆ ನಾನು ಮಾಡಿದ ಸಂಪಾದನೆ ಇದೊಂದೇ ಅನ್ನಿಸಿತು.

ಇಂಜಿನಿಯರ್ ಮೇಡಂ ಮೇಲಿನ ಬಾಡಿಗೆಯವನ ಬಗ್ಗೆ ಕೇಳಿದರು. ಮಿಸ್ಸಿಗೆ ಅವನ ಮೇಲೆ ಬಹಳ ಅಭಿಮಾನ. "ಒಬ್ಬನೇ ಇದಾನೆ. ನಲವತ್ತರ ಹತ್ತಿರ ವಯಸ್ಸು. ಒಂದು ಕೆಟ್ಟ ಅಭ್ಯಾಸ ಇಲ್ಲ, ಶನಿವಾರ ಶನಿವಾರ ದೇವಸ್ಥಾನದ ಪ್ರಸಾದ ತಂದುಕೊಡ್ತಾನೆ. ಏನು ಕೆಲಸಪ್ಪಾ ಅಂತ ಕೇಳಿದ್ದಕ್ಕೆ, 'ನಮ್ಮ ಮಷೀನುಗಳು ಹಗಲೂ ರಾತ್ರಿ ಲೆಕ್ಕ ಮಾಡ್ತವೆ ಅಮ್ಮಾ' ಅಂದ. ಅವತ್ತೇ ಬೀಗದಕೈ ಕೊಟ್ಟೆ. ಈಗಿನ ಕಾಲದಲ್ಲಿ ಲೆಕ್ಕ ಮಾಡೋರು ಎಲ್ಲಿದಾರೆ?"

ಮೇಡಂ ಮೀಟರ್ ನೋಡಿದರು. ಸರಿಯಾಗಿಯೇ ಇತ್ತು. ಸೀಲು ಒಡೆದಿರಲಿಲ್ಲ. ಮನೆಯನ್ನು ಒಂದು ಸುತ್ತು ಬಂದರು, ನಾವೂ ಹಿಂದೆ ಹಿಂದೆ. ಜಿನುಗು ಮಳೆ ಈಗ ಜೋರಾಯಿತು. ತಾರಸಿಯ ಪೈಪುಗಳಲ್ಲಿ ನೀರು ಬುಳಬುಳ ಬೀಳುತ್ತಿತ್ತು. ಗೋಡೆ ಮೂಲೆಯಲ್ಲಿ ದಪ್ಪನೆಯ ಪೈಪೊಂದು ಮೇಲಕ್ಕೆ ಹೋಗಿತ್ತು. ನಾನು ಮಳೆಯಿಂದ ತಪ್ಪಿಸಿಕೊಳ್ಳಲು ಅದಕ್ಕೆ ಒರಗಿ ನಿಂತೆ.

ಮೇಡಂ ಆ ಪೈಪಿನ ಬುಡವನ್ನೇ ನೋಡುತ್ತಾ ನಿಂತರು. "ಇಷ್ಟು ಮಳೆ ಬರ್ತಿದೆ. ಎಲ್ಲಾ ಪೈಪಲ್ಲೂ ನೀರು ಬೀಳ್ತಿದೆ. ಇದರಿಂದ ಮಾತ್ರ ಒಂದು ಹನಿನೂ ಬೀಳ್ತಿಲ್ಲ."

"ಕಟ್ಕೊಂಡಿರಬೇಕು ಮೇಡಂ" ಅಂದೆ ನಾನು.

"ಇಲ್ಲ. ಇದು ನೀರಿನ ಪೈಪೇ ಅಲ್ಲ. ಕಂಬದ ವೈರು ಮೀಟರಿಗೆ ಬರೋ ಮುಂಚೆಯೇ ಅದಕ್ಕೊಂದು ವೈರು ಜೋಡಿಸಿ ಇದರೊಳಗೆ ಮೇಲಕ್ಕೆ ತಗೊಂಡು ಹೋಗಿದಾನೆ." ಆಮೇಲೆ ನನ್ನ ಕಡೆ ತಿರುಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು: "ಸಾರ್, ಗಾಬರಿ ಆಗ್ಬೇಡಿ. ಒರಗಿಕೊಂಡಿರೋದನ್ನ ಮೆಲ್ಲಗೆ ಬಿಟ್ಟು ಈಚೆ ಬನ್ನಿ."

ಮೆಲ್ಲಗೆ ಬರುವುದು ಹೇಗೆ? ಎಡಗಾಲು ಎತ್ತಿದರೆ ಬಲಗಾಲಿಗೆ ಹೊಡೆಯುತ್ತದೋ, ಬಲಗಾಲು ಎತ್ತಿದರೆ ಎಡಗಾಲಿಗೋ ಅಂತ ಒಂಟಿ ಕಾಲಲ್ಲಿ ತಪಸ್ಸಿಗೆ ನಿಂತವನ ಹಾಗೆ ನಿಂತುಬಿಟ್ಟೆ. ಪ್ಲಾಸ್ಟಿಕ್ ಪೈಪು, ಏನೂ ಆಗುವುದಿಲ್ಲ ಅಂತ ಎಲ್ಲರೂ ಕೂಗಿ ಹೇಳಿದರು. ಆದರೂ ನನ್ನನ್ನು ಈಚೆ ತಂದದ್ದು ಮಿಸ್ಸು. ಕಿಟಕಿಯಿಂದ ಒಂದೇ ಮಾತು: "ಲೋ, ಬರ್ತೀಯೋ, ನಾನೇ ಬರ್ಲೋ?"

ಕರೆಂಟಿಗಿಂತ ವೇಗವಾಗಿ ಬಂದೆ.

ಅರಳು ಸಂಡಿಗೆ

ಬಾಡಿಗೆಯವನು ಹೊರಗೆ ಹೋಗಿದ್ದ. ಮಿಸ್ಸಿನ ಹತ್ತಿರ ಇನ್ನೊಂದು ಬೀಗದಕೈ ಇತ್ತು. ಅವರೇ ಮುಂದೆ ಹೋಗಿ ಬಾಗಿಲು ತೆಗೆದರು.

ಒಳಗೆ ನೂರು ಮಿಕ್ಸಿ ಒಟ್ಟಿಗೆ ತಿರುಗಿದ ಹಾಗೆ ಸದ್ದು. ಬೇಸಿಗೆಯಲ್ಲಿ ನಿಂತ ಬಸ್ಸಿನೊಳಗಿನ ಹಾಗೆ ಬಿಸಿ. ಕಬ್ಬಿಣದ ಕಪಾಟಿನಲ್ಲಿ ಬೂಟಿನ ಡಬ್ಬದಷ್ಟು ದೊಡ್ಡ ಎಂಟು ಮಷೀನುಗಳು, ಒಂದೊಂದಕ್ಕೂ ಫ್ಯಾನು. ಗೋಡೆ ಮೇಲೆ ಹಬ್ಬಿದ್ದ ವೈರುಗಳನ್ನು ಮುಟ್ಟಿ ನೋಡಿದ ಲೈನ್‌ಮನ್ ಕೈ ಹಿಂದಕ್ಕೆ ಎಳೆದುಕೊಂಡ. "ಮೇಡಂ, ವೈರು ಕಾದು ಮೆತ್ತಗಾಗೈತೆ. ಇನ್ನೊಂದು ವಾರ ಬುಟ್ಟಿದ್ರೆ ಮನೆ ಹತ್ಕೊಂಡು ಉರೀತಿತ್ತು."

ಆ ಮಾತು ಕೇಳಿ ಮಿಸ್ಸು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರು ಮಲಗುವ ಕೋಣೆ ಸರಿಯಾಗಿ ಅದರ ಕೆಳಗೆ. ಕಾಫಿಪುಡಿಯವರು ಮಾತ್ರ ಬಿಸಿ ಗಾಳಿಗೆ ಕೈ ಒಡ್ಡಿ, "ಇಲ್ಲಿ ಬೀಜ ಹುರಿದ್ರೆ ಒಳ್ಳೇ ಹದ ಬರ್ತದೆ" ಅಂದರು.

ಆದರೆ ಅವರಿಗಿಂತ ಮುಂಚೆಯೇ ಒಬ್ಬರಿಗೆ ಅಂಥ ಯೋಚನೆ ಬಂದಿತ್ತು. ಬಿಸಿ ಗಾಳಿ ಹೊರಗೆ ಹೋಗುವ ಬಾಲ್ಕನಿಯಲ್ಲಿ, ಬಿಳಿ ಪಂಚೆ ಹಾಸಿ, ಸಾಲಾಗಿ ಅರಳು ಸಂಡಿಗೆ ಇಟ್ಟಿದ್ದರು. ಆಷಾಢದ ಮಳೆಯಲ್ಲಿ ಗರಿಗರಿಯಾಗಿ ಒಣಗಿದ್ದವು.

"ಇದು ಯಾರದು?" ಅಂತ ಕೇಳಿದರು ಇನ್‌ಸ್ಪೆಕ್ಟರ್.

"ನಂದು" ಅಂದರು ಮಿಸ್ಸು. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ.

ಮೇಡಂ ಅಳತೆ ಎಲ್ಲ ತೆಗೆದುಕೊಂಡ ಮೇಲೆ ಲೈನ್‌ಮನ್ ಕಂಬದಲ್ಲೇ ಕರೆಂಟ್ ಕಿತ್ತ. ಸದ್ದು ನಿಂತಿತು. ಈಗ ಬಾಡಿಗೆಯವನನ್ನು ಎಲ್ಲಿ ಹುಡುಕುವುದು ಅಂತ ಇನ್‌ಸ್ಪೆಕ್ಟರ್ ತಲೆ ಕೆರೆದುಕೊಳ್ಳುತ್ತಿದ್ದರು. ಹತ್ತು ನಿಮಿಷ ಆಗಿರಲಿಲ್ಲ, ಸ್ಕೂಟರ್ ಬಂದು ನಿಂತ ಸದ್ದು. ಒಬ್ಬಾತ ಎರಡೆರಡು ಮೆಟ್ಟಿಲು ಹಾರುತ್ತಾ ಓಡಿ ಬಂದ. ಮಷೀನು ನಿಂತರೆ ಅವನ ಮೊಬೈಲಿಗೆ ಮೆಸೇಜ್ ಹೋಗುತ್ತದಂತೆ.

"ಅಮ್ಮಾ, ಕರೆಂಟ್ ಹೋಯ್ತಾ? ಕಂಪ್ಲೇಂಟ್ ಕೊಟ್ರಾ?" ಅಂತ ಕೂಗುತ್ತಲೇ ಒಳಗೆ ಬಂದ.

"ಕೊಟ್ಟಿದಾರೆ. ನಾವೇ ಬಂದಿದೀವಿ" ಅಂದರು ಇನ್‌ಸ್ಪೆಕ್ಟರ್.

ಹತ್ತಕ್ಕೆ ಆರು

ಕಂಡದ್ದನ್ನೆಲ್ಲ ಸ್ಥಳದಲ್ಲೇ ಬರೆಯುವ ಕಾಗದಕ್ಕೆ ಮಹಜರು ಅನ್ನುತ್ತಾರೆ. ನನ್ನ ಅಕ್ಷರ ದುಂಡಗಿದೆ ಅಂತ ಬರೆಯುವ ಕೆಲಸ ನನ್ನ ಕೊರಳಿಗೇ ಬಿತ್ತು. ಇನ್‌ಸ್ಪೆಕ್ಟರ್ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮಷೀನು ಎಂಟು. ವೈರು ಇಷ್ಟು ಮೀಟರು. ಪೈಪು ಒಂದು.

"ಸಂಡಿಗೆ ಬರೀಲಾ ಸಾರ್?"

"ಕಂಡಿದ್ದೆಲ್ಲಾ ಬರೀರಿ. ಬಿಟ್ರೆ ನಾಳೆ ಕೋರ್ಟಲ್ಲಿ ನಮ್ಮನ್ನ ಕೇಳ್ತಾರೆ."

ಹೆದರಿ ಬರೆದೆ. ಅರಳು ಸಂಡಿಗೆ, ಪಂಚೆ ಸಮೇತ.

ಅಷ್ಟರಲ್ಲಿ ಬಾಡಿಗೆಯವನು ಬಾಯಿಬಿಟ್ಟ. ಅಷ್ಟು ವಿನಯದ ಮನುಷ್ಯ ಅಷ್ಟೇ ವಿನಯದಿಂದ ಹೇಳಿದ: "ಸಾರ್, ಅಮ್ಮನಿಗೆ ಎಲ್ಲಾ ಗೊತ್ತಿತ್ತು ಸಾರ್. ಬೀಗದಕೈ ಅವರ ಹತ್ರಾನೇ ಇದೆ. ಸಂಡಿಗೆನೂ ಅವರದೇ. ನೀವೇ ಬರೆದಿದೀರಲ್ಲ."

ನನ್ನ ಕೈ ನಿಂತಿತು. ಮೀಟರು ಮಿಸ್ಸಿನ ಹೆಸರಲ್ಲಿತ್ತು. ಮನೆ ಅವರದು. ಈಗ ಸಂಡಿಗೆಯೂ ನನ್ನ ಅಕ್ಷರದಲ್ಲಿ ಅವರ ಮೇಲೇ ಕೂತಿತು. ಮಿಸ್ಸು ಬಾಡಿಗೆಯವನನ್ನು ಒಂದು ಸಲ ನೋಡಿದರು, ಅಷ್ಟೇ. ಅವನು ತಲೆ ತಗ್ಗಿಸಿದ.

ನಿಯಮದ ಪ್ರಕಾರ ಮಹಜರನ್ನು ಅವರಿಗೆ ಓದಲು ಕೊಡಬೇಕು. ನಾನೇ ಕೊಟ್ಟೆ. ಕನ್ನಡಕ ಸರಿ ಮಾಡಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. ಅಳುತ್ತಾರೋ, ಹರಿದು ಹಾಕುತ್ತಾರೋ ಅಂತ ನಾನು ಕಾದೆ.

"ಪೆನ್ನು ಕೊಡು" ಅಂದರು. ಕೊಟ್ಟೆ. "ವಿದ್ಯುಚ್ಛಕ್ತಿಗೆ ಒತ್ತು ಎಲ್ಲೋ? 'ಕಳ್ಳತನ'ದ ಳ ಹೀಗಾ ಬರೆಯೋದು?" ತಮ್ಮ ಮೇಲೆ ಬಂದ ಆರೋಪವನ್ನು ತಾವೇ ಒಂದೊಂದಾಗಿ ತಿದ್ದಿದರು. ತಿದ್ದಿದ ಕಡೆಯೆಲ್ಲ ಇನ್‌ಸ್ಪೆಕ್ಟರ್ ರುಜು ಹಾಕಿದರು.

ಆ ಮಹಜರು ಈಗಲೂ ಕೋರ್ಟಿನ ಕಡತದಲ್ಲಿದೆ. ಬಲಗಡೆ ಮೇಲೆ, ಅಭ್ಯಾಸಬಲದಿಂದ ಅವರು ಬರೆದದ್ದೂ ಇದೆ: ಹತ್ತಕ್ಕೆ ಆರು.

ಅದೇ ಕಣೋ ನನ್ನ ಭಯ

ಕೆಲವು ದಿನ ಕಳೆದು ಮಿಸ್ಸು ಆಟೋದಲ್ಲಿ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಎರಡಾಗಿ ಮಡಿಸಿದ ಕಾಗದ.

"ಇದನ್ನ ಮೂರು ಕಾಪಿ ಮಾಡು. ಓದಬೇಡ."

ಓದದೆ ಜೆರಾಕ್ಸ್ ಮಾಡಬಹುದು, ಕಾಣಿಸದೆ ಮಾಡಲಾಗದು. ಕೇಸಿನ ನೋಟೀಸು. ಆರೋಪಿ ಒಂದು ಬಾಡಿಗೆಯವನು. ಆರೋಪಿ ಎರಡು ಅಂತ ಇದ್ದ ಕಡೆ ಮಿಸ್ಸಿನ ಹೆಸರು, ಅದರ ಪಕ್ಕದಲ್ಲಿ 'ವಿದ್ಯುತ್ ಕಳ್ಳತನ'. ಗಾಜಿನ ಮೇಲೆ ಕಾಗದ ಇಟ್ಟೆ. ತಿರುಗಿ ನೋಡಿದರೆ ಅವರ ಕೈ ನಡುಗುತ್ತಿತ್ತು. ಅವರು ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

ನನಗೆ ಕರೆಂಟು, ಪೊಲೀಸು, ಕೋರ್ಟು ಯಾವುದೂ ಅಷ್ಟು ಭಯ ಹುಟ್ಟಿಸಿಲ್ಲ. ಈ ಭೂಮಿ ಮೇಲೆ ಹೆದರದ ಒಬ್ಬ ಮನುಷ್ಯರಿದ್ದಾರೆ ಅಂದುಕೊಂಡಿದ್ದೆ. ಅವರೂ ಹೆದರಿದ್ದರು.

ಅವರನ್ನು ಕೂರಿಸಿ ಪಕ್ಕದಿಂದ ಕಾಫಿ ತರಿಸಿದೆ. ಅವರೇ ಹೇಳಿದರು. ಕಾನೂನಿನಲ್ಲಿ ರಾಜಿಗೆ ಒಂದು ದಾರಿ ಇದೆಯಂತೆ. ತಪ್ಪಾಯಿತು ಅಂತ ಒಪ್ಪಿಕೊಂಡು ದಂಡ ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ, ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ. ನೆಂಟರು, ಅಕ್ಕಪಕ್ಕದವರು, ವಕೀಲರು, ಎಲ್ಲರೂ ಅದನ್ನೇ ಮಾಡಿ ಅಂದರಂತೆ.

"ಆ ಮನೇಲಿ ಉರಿದಿರೋ ಕರೆಂಟಿನ ದುಡ್ಡು ಕಟ್ಟಿದೀನಿ ಕಣೋ. ನನ್ನ ಮನೆ, ನನ್ನ ಜವಾಬ್ದಾರಿ. ಮನೆಗೆ ದೀಪಾನೂ ಬಂತು. ಆದ್ರೆ ಕದ್ದೆ ಅಂತ ರುಜು ಹಾಕಲ್ಲ. ಮೂವತ್ತು ವರ್ಷ ಮಕ್ಕಳಿಗೆ, ಕಾಪಿ ಹೊಡೀಬೇಡಿ ಅಂತ ಹೊಡೆದಿದೀನಿ."

ಕಾಫಿ ಕುಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು. "ಕೋರ್ಟಲ್ಲಿ ಆರೋಪಿಗಳನ್ನ ನಿಲ್ಲಿಸೇ ಇರ್ತಾರಾ? ಮಂಡಿ ನೋವು ನಂಗೆ."

ನನಗೆ ತಡೆಯಲಾಗಲಿಲ್ಲ. ಎಲ್ಲಿಂದ ಬಂತೋ ಧೈರ್ಯ, ಎದೆ ಮುಟ್ಟಿಕೊಂಡು ಹೇಳಿಬಿಟ್ಟೆ: "ಹೆದರ್ಕೋಬೇಡಿ ಮಿಸ್. ಸಾಕ್ಷಿ ಹೇಳೋಕೆ ನಾನಿದೀನಿ."

ಮಿಸ್ಸು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ಅದೇ ಕಣೋ ನನ್ನ ಭಯ."

ಮಷೀನು ಹೇಳಿದ ಸಾಕ್ಷಿ

ಕರೆಂಟ್ ಕಳ್ಳತನದ ಕೇಸುಗಳಿಗೆ ಬೇರೆಯೇ ವಿಶೇಷ ನ್ಯಾಯಾಲಯ ಇದೆ. ನನ್ನ ಸರದಿಗೆ ಕಾಯುತ್ತಾ ಕೋರ್ಟ್ ಹಾಲಿನ ಹೊರಗೆ ಬಾಗಿಲ ಪಕ್ಕದಲ್ಲಿ ಕೂತಿದ್ದೆ. ಒಳಗೆ ಇಂಜಿನಿಯರ್ ಮೇಡಂ ಸಾಕ್ಷಿ ಹೇಳುತ್ತಿದ್ದರು. ಬಾಡಿಗೆಯವನ ವಕೀಲರು ಬಹಳ ಜೋರು.

"ಇದು ಬರೀ ಕಂಪ್ಯೂಟರ್, ಸ್ವಾಮಿ. ಮನೆ ಟಿವಿಯಷ್ಟು ಕರೆಂಟೂ ಬೇಕಿಲ್ಲ. ಇದರಿಂದ ಟ್ರಾನ್ಸ್‌ಫಾರ್ಮರ್ ಸುಡುತ್ತೆ ಅನ್ನೋದು ಕಟ್ಟುಕತೆ."

ವಶಪಡಿಸಿಕೊಂಡ ಮಷೀನುಗಳು ಮೇಜಿನ ಮೇಲಿದ್ದವು. "ಹಾಗಾದರೆ ಒಂದನ್ನು ಹಾಕಿ ತೋರಿಸಿ" ಅಂದರು ನ್ಯಾಯಾಧೀಶರು.

"ಸ್ವಾಮಿ, ಹಳೇ ಕಟ್ಟಡ, ಹಳೇ ವೈರಿಂಗು. ತಡೆಯೋದಿಲ್ಲ" ಅಂದರು ಮೇಡಂ.

"ನೋಡಿ ಸ್ವಾಮಿ, ತೋರಿಸೋಕೆ ಹೆದರ್ತಿದಾರೆ!" ಅಂದರು ವಕೀಲರು.

ಮೇಡಂ ಪ್ಲಗ್ ಹಾಕಿಸಿದರು. ಮಷೀನು ವಿಮಾನ ಏರುವ ಹಾಗೆ ಕಿರುಚಿತು. ಅರ್ಧ ನಿಮಿಷವೂ ಆಗಿರಲಿಲ್ಲ. ಫಟ್ ಅಂತ ಸದ್ದು, ಒಂದು ಕಿಡಿ, ಸುಟ್ಟ ವಾಸನೆ. ಫ್ಯಾನು ನಿಂತಿತು, ದೀಪ ಹೋಯಿತು, ಬೆಂಚ್ ಕ್ಲರ್ಕಿನ ಕಂಪ್ಯೂಟರ್ ಹ್ಞಾ ಅಂದು ಸತ್ತಿತು. ಕಾರಿಡಾರು ಕತ್ತಲಾಯಿತು. ನಾನು "ಅಮ್ಮಾ!" ಅಂತ ಕಿರುಚಿ ಪಕ್ಕದಲ್ಲಿದ್ದವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಆ ಕೈ ನನಗಿಂತ ಜೋರಾಗಿ ನಡುಗುತ್ತಿತ್ತು. ನೋಡಿದರೆ ಬಾಡಿಗೆಯವನ ವಕೀಲರು. ಕಿಡಿ ಕಂಡ ಕೂಡಲೇ ಬಾಗಿಲಿಗೆ ಓಡಿ ಬಂದಿದ್ದರು.

ಅರೆಗತ್ತಲಲ್ಲಿ ನ್ಯಾಯಾಧೀಶರ ದನಿ ಮಾತ್ರ ಕೇಳಿಸಿತು.

"ವಕೀಲರೇ, ಎಲ್ಲಿದ್ದೀರಿ? ನಿಮ್ಮ ಟಿವಿ ನಿಂತಿದೆ."

ಯಾರ ಭಯ?

ಕೊನೆಗೆ ನನ್ನ ಸರದಿ ಬಂತು. ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿಸಿದರು. ಕಟಕಟೆಯ ಮರ ಹಿಡಿದುಕೊಂಡೆ. ಅದು ಗಡಗಡ ಅಲ್ಲಾಡಿತು. ಸಡಿಲವಾಗಿದೆ ಅಂದುಕೊಂಡೆ. ಅಲ್ಲಾಡುತ್ತಿದ್ದವನು ನಾನು.

ಎದುರಿಗೆ ಬಾಡಿಗೆಯವನು ನಿಂತಿದ್ದ. ಅವನ ಪಕ್ಕದಲ್ಲಿ ಮಿಸ್ಸು. ನ್ಯಾಯಾಧೀಶರು ಕುರ್ಚಿ ಕೊಡಿಸಿದ್ದರೂ ಕೂತಿರಲಿಲ್ಲ.

ಬಾಡಿಗೆಯವನ ವಕೀಲರು ಶುರು ಮಾಡಿದರು. "ಮಷೀನಿನ ಬಿಸಿ ಗಾಳಿಯಲ್ಲಿ ಸಂಡಿಗೆ ಇತ್ತು ಅಂತ ಬರೆದವರು ನೀವೇ?"

"ನಾನೇ."

"ಸಂಡಿಗೆ ಎರಡನೇ ಆರೋಪಿಯದು?"

"ಹೌದು."

"ಅಂದಮೇಲೆ ಅಲ್ಲಿ ನಡೆಯುತ್ತಿದ್ದ ಕಳ್ಳತನ ಅವರಿಗೂ ಗೊತ್ತಿತ್ತು. ಹೌದೋ ಅಲ್ಲವೋ?"

ಕಟಕಟೆ ಮತ್ತೆ ಗಡಗಡ ಅಂದಿತು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

"ಸಾಕ್ಷಿದಾರರೇ, ಯಾಕೆ ಹೀಗೆ ನಡುಗುತ್ತಿದ್ದೀರಿ? ನಿಮ್ಮನ್ನು ಯಾರಾದರೂ ಹೆದರಿಸಿದ್ದಾರಾ? ಧೈರ್ಯವಾಗಿ ಹೇಳಿ. ಇಲ್ಲಿ ನಿಮಗೆ ರಕ್ಷಣೆ ಇದೆ."

ಪ್ರಮಾಣ ಮಾಡಿದ್ದೆ. ಸುಳ್ಳು ಹೇಳುವ ಹಾಗಿಲ್ಲ. "ಭಯ ಇದೆ ಸ್ವಾಮಿ."

"ಈ ಹಾಲಿನಲ್ಲಿರುವವರದಾ?"

"ಹೌದು ಸ್ವಾಮಿ."

"ತೋರಿಸಿ."

ಬೆರಳು ತಾನಾಗಿಯೇ ಎದ್ದು ಮಿಸ್ಸಿನ ಕಡೆ ಹೋಯಿತು.

ಹಾಲಿನಲ್ಲಿ ಗುಜುಗುಜು. ಸಾಕ್ಷಿಯನ್ನು ಹೆದರಿಸುವುದು ಎಂಥ ಅಪರಾಧ ಅಂತ ನನಗೆ ಆಮೇಲೆ ಗೊತ್ತಾಯಿತು. ಸರ್ಕಾರಿ ವಕೀಲರು ಎದ್ದು ನಿಂತರು. ಮಿಸ್ಸಿನ ಮುಖ ಬಿಳುಚಿಕೊಂಡಿತು. ಅಯ್ಯೋ, ಇವರನ್ನು ಉಳಿಸಲು ಬಂದವನು ನಾನೇ ಜೈಲಿಗೆ ತಳ್ಳಿಬಿಟ್ಟೆನಲ್ಲ!

ನ್ಯಾಯಾಧೀಶರು ಗಂಭೀರವಾಗಿ ಕೇಳಿದರು. "ಯಾವಾಗ ಹೆದರಿಸಿದರು?"

"ಏಳನೇ ಕ್ಲಾಸಲ್ಲಿ, ಸ್ವಾಮಿ."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಹಾಲು ನಕ್ಕಿತು. ನಗು ನಿಲ್ಲುವವರೆಗೂ ನಾನು ಕಾದೆ. ಶುರುವಾದ ಬಾಯಿ ನಿಲ್ಲಲಿಲ್ಲ.

"ಸ್ವಾಮಿ, ಆ ವರ್ಷ ಲೆಕ್ಕದಲ್ಲಿ ನನಗೆ ಮೂವತ್ತೈದು ಬಂತು. ಪಾಸು. ಮನೇಲಿ ಪಾಯಸ ಮಾಡಿದ್ರು. ಮಾರನೇ ದಿನ ಇವರೇ ನಮ್ಮ ಮನೆ ಹುಡುಕ್ಕೊಂಡು ಬಂದ್ರು. 'ಕೂಡೋದ್ರಲ್ಲಿ ನಾನೇ ತಪ್ಪು ಮಾಡಿದೀನಿ, ಮೂವತ್ನಾಲ್ಕು' ಅಂದು ಒಂದು ಮಾರ್ಕು ವಾಪಸ್ಸು ತಗೊಂಡು ಹೋದ್ರು. ನಾನು ಫೇಲಾದೆ. ಆಮೇಲೆ ಆ ರಜಾ ಪೂರ್ತಿ ಮನೆಗೆ ಕರೆದು, ಒಂದು ಕಾಸು ಮುಟ್ಟದೆ ಪಾಠ ಹೇಳಿ ಪಾಸು ಮಾಡಿಸಿದ್ರು. ಒಂದು ಮಾರ್ಕು ತಮ್ಮ ಕಡೆಯಿಂದ ಜಾಸ್ತಿ ಹೋಯ್ತು ಅಂತ ನಿದ್ದೆಗೆಟ್ಟವರು ಸ್ವಾಮಿ. ಇವರು ಕರೆಂಟ್ ಕದಿಯೋಕೆ ಬಿಟ್ಟಿದಾರೆ ಅಂದ್ರೆ, ನಾನು ಹೆಂಗೆ ನಂಬಲಿ?"

ವಕೀಲರು ಕಡತ ಮುಚ್ಚಿ ಕೂತರು.

ಸಾಕ್ಷಿಗಳೆಲ್ಲ ಮುಗಿದ ಮೇಲೆ, ನಿಮ್ಮದೇನಾದರೂ ಹೇಳುವುದಿದೆಯೇ ಅಂತ ನ್ಯಾಯಾಧೀಶರು ಮಿಸ್ಸನ್ನು ಕೇಳಿದರು. ಅವರ ವಕೀಲರು ಬೇಡ ಬೇಡ ಅಂತ ಕೈಯಾಡಿಸಿದರು. ಮಿಸ್ಸು ಅತ್ತ ತಿರುಗಲೂ ಇಲ್ಲ.

"ನನಗೆ ಗೊತ್ತಿರಲಿಲ್ಲ ಸ್ವಾಮಿ. ಆದರೆ ಗೊತ್ತಾಗಬೇಕಿತ್ತು. ಮೇಲೆ ಅಷ್ಟು ಬಿಸಿ, ಕೆಳಗೆ ಬಿಲ್ಲು ಅಷ್ಟೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ಹಗಲೂ ರಾತ್ರಿ ಲೆಕ್ಕ ಮಾಡೋ ಎಂಟು ಮಷೀನು ತಲೆ ಮೇಲಿದ್ದವು. ಕೆಳಗೆ ಕೂತಿದ್ದ ಲೆಕ್ಕದ ಮಿಸ್ಸು ಒಂದೇ ಒಂದು ಲೆಕ್ಕ ಮಾಡಲಿಲ್ಲ. ಅದಕ್ಕೆ ಏನು ಶಿಕ್ಷೆ ಇದೆಯೋ ಕೊಡಿ. ಕಳ್ಳತನಕ್ಕೆ ಮಾತ್ರ ಬೇಡ."

ಅಷ್ಟು ಹೇಳಿ ಮೊದಲ ಸಲ ಆ ಕುರ್ಚಿಯಲ್ಲಿ ಕೂತರು.

ತೀರ್ಪಿನ ದಿನ ನಾನು ಹೋಗಬೇಕಿರಲಿಲ್ಲ. ಆದರೂ ಅಂಗಡಿ ಮುಚ್ಚಿ ಹೋದೆ. ಬಾಡಿಗೆಯವನಿಗೆ ಶಿಕ್ಷೆಯೂ ಆಯಿತು, ದಂಡವೂ ಆಯಿತು. ಮಷೀನು ಇಟ್ಟದ್ದಕ್ಕಲ್ಲ, ಮೀಟರು ತಪ್ಪಿಸಿ ಎಳೆದದ್ದಕ್ಕೆ ಅಂತ ನ್ಯಾಯಾಧೀಶರು ಬಿಡಿಸಿ ಹೇಳಿದರು. ಮಿಸ್ಸಿಗೆ ಕಳ್ಳತನ ತಿಳಿದಿತ್ತು ಅನ್ನಲು ಸಾಕ್ಷ್ಯವಿಲ್ಲ, ಬಿಡುಗಡೆ.

ಮಿಸ್ಸು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ನಾನು ಕಂಬದ ಮರೆಗೆ ಸರಿದೆ.

"ಬಾರೋ ಈಚೆ." ಬಂದೆ. "ತುಂಬಿದ ಕೋರ್ಟಲ್ಲಿ ನನ್ನ ಕಡೆ ಬೆರಳು ತೋರಿಸಿದೆಯಲ್ಲ."

"ತಪ್ಪಾಯ್ತು ಮಿಸ್."

"ಅಲ್ಲಿ ನಿಂತಾಗ ನನ್ನ ಕಾಲು ನಡುಗ್ತಿತ್ತು. ನಿಂಗೆ ಕಾಣಿಸ್ತಾ?"

"ಇಲ್ಲ ಮಿಸ್."

"ಸುಳ್ಳು ಹೇಳಬೇಡ."

"ಕಾಣಿಸ್ತು ಮಿಸ್."

ಮಿಸ್ಸು ಆಟೋಗೆ ಕೈ ಅಡ್ಡ ಹಾಕಿದರು. ಹತ್ತಿ ಕೂತು, ಹೊರಡುವ ಮುಂಚೆ ತಲೆ ಹೊರಗೆ ಹಾಕಿ ಹೇಳಿದರು: "ಆ ವಿಷಯ ಯಾರ ಹತ್ತಿರಾನಾದ್ರೂ ಬಾಯಿಬಿಟ್ಟೆಯೋ, ಜೋಕೆ!"

ದೇವರಾಣೆಗೂ ಇವತ್ತಿನವರೆಗೆ ಬಾಯಿಬಿಟ್ಟಿಲ್ಲ. ಬರೆದಿದ್ದೇನೆ, ಅಷ್ಟೇ.